ಸೋತವರೂ ಒಪ್ಪುವ ವಿಷಲ್

ಗೆದ್ದವರ ಮಾತು ಕೇಳಿ ರೆಫ್ರಿಯ ಬೆಲೆ ಕಟ್ಟಬೇಡಿ. ಗೆದ್ದವರಿಗೆ ಎಲ್ಲ ತೀರ್ಪೂ ಸರಿಯಾಗಿಯೇ ಕಾಣುತ್ತದೆ. ಎರಡು ಅಂಕದಿಂದ ಸೋತು, ಕಣ್ಣು ಒರೆಸಿಕೊಳ್ಳುತ್ತಿರುವ ಮಕ್ಕಳನ್ನು ಬಸ್ಸು ಹತ್ತಿಸುತ್ತಿರುವ ಮೇಷ್ಟ್ರು ಏನು ಹೇಳುತ್ತಾರೆ ಎಂಬುದನ್ನು ಕೇಳಿಸಿಕೊಳ್ಳಿ. "ಸೋತ್ವಿ, ಆದ್ರೆ ಮೋಸ ಆಗ್ಲಿಲ್ಲ" ಅಂದರೆ ಆ ದಿನ ನೀವು ನಿಮ್ಮ ಕೆಲಸ ಮಾಡಿದ್ದೀರಿ ಎಂದರ್ಥ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಶಾಲಾ ಮೈದಾನಗಳಲ್ಲಿ ಹೊಸದಾಗಿ ಬ್ಯಾಸ್ಕೆಟ್‌ಬಾಲ್ ವಿಷಲ್ ಹಿಡಿದಿರುವ ತಮ್ಮಂದಿರು, ತಂಗಿಯರು ನೀವು. ಬಿ.ಪಿ.ಇಡಿ. ಮುಗಿಸಿ ಬಂದವರಿದ್ದೀರಿ, ಕಾಲೇಜು ತಂಡಕ್ಕೆ ಆಡಿ ಬಂದವರಿದ್ದೀರಿ. ನಿಯಮದ ಪುಸ್ತಕ ನಿಮಗೆ ಬಾಯಿಪಾಠ. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ, ರಿಂಗು ನೆಲದಿಂದ 3.05 ಮೀಟರ್ ಮೇಲೆ, ಐದು ಫೌಲಿಗೆ ಆಟಗಾರ ಹೊರಗೆ, ಇದನ್ನೆಲ್ಲ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ಪುಸ್ತಕ ಮುಗಿದು ವಿವೇಚನೆ ಶುರುವಾಗುವ ಜಾಗದ ಬಗ್ಗೆ. ಗೆರೆ ದಾಟಿತೋ ಇಲ್ಲವೋ ಎಂಬುದಕ್ಕೆ ಸುಣ್ಣದ ಗೆರೆಯೇ ಸಾಕ್ಷಿ ಹೇಳುತ್ತದೆ. ತಳ್ಳಿದನೋ, ತಾಗಿತೋ ಎಂಬುದಕ್ಕೆ ನಿಮ್ಮನ್ನು ಬಿಟ್ಟು ಬೇರೆ ಸಾಕ್ಷಿಯೇ ಇಲ್ಲ.

ನಮ್ಮ ಶಾಲಾ ಕ್ರೀಡಾಕೂಟದಲ್ಲಿ ಒಂದು ತೀರ್ಪಿಗೆ ಎಷ್ಟು ತೂಕವಿದೆ ಎಂದು ಮೊದಲು ಅರ್ಥ ಮಾಡಿಕೊಳ್ಳಿ. ಕಬಡ್ಡಿ, ಖೋ ಖೋ, ವಾಲಿಬಾಲಿಗಾದರೆ ಹೋಬಳಿ ಮಟ್ಟದಿಂದಲೇ ತಂಡಗಳು ಸಾಲುಗಟ್ಟಿ ಬರುತ್ತವೆ. ಬ್ಯಾಸ್ಕೆಟ್‌ಬಾಲ್ ಅಂಕಣ ಇರುವ ಶಾಲೆಗಳೇ ಕಡಿಮೆ. ತಾಲ್ಲೂಕು ಕೂಟಕ್ಕೆ ಎರಡೇ ತಂಡ ಬಂದು, ಮೊದಲ ಪಂದ್ಯವೇ ಫೈನಲ್ ಆಗುವುದೂ ಉಂಟು. ಗೆದ್ದವರು ಜಿಲ್ಲೆಗೆ, ಅಲ್ಲಿಂದ ಮೈಸೂರು ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ. ಸೋತವರಿಗೆ ವರ್ಷದ ಬ್ಯಾಸ್ಕೆಟ್‌ಬಾಲ್ ಆ ಮಧ್ಯಾಹ್ನಕ್ಕೇ ಮುಗಿಯಿತು. 17ರೊಳಗಿನ ವಿಭಾಗದಲ್ಲಿ ಆಡುವ ಹತ್ತನೇ ತರಗತಿ ಹುಡುಗನಿಗೆ ಮುಂದಿನ ವರ್ಷ ಹೈಸ್ಕೂಲೇ ಇರುವುದಿಲ್ಲ. ಕ್ರೀಡಾ ಕೋಟಾ, ಕ್ರೀಡಾ ಹಾಸ್ಟೆಲ್ ಎಂದು ಲೆಕ್ಕ ಹಾಕಿಕೊಂಡು ಬಂದ ತಂದೆ ತಾಯಿ ಅಂಕಣದ ಗೆರೆಯ ಪಕ್ಕದಲ್ಲೇ ನಿಂತಿರುತ್ತಾರೆ. ಅವರ ಕೂಗಾಟವನ್ನು ತಾತ್ಸಾರದಿಂದ ನೋಡಬೇಡಿ. ಅವರಿಗೆ ಅದು ಆಟ ಮಾತ್ರ ಅಲ್ಲ.

ಇನ್ನೊಂದು ತೊಡಕು ನಮ್ಮ ಕಡೆ ಹೆಚ್ಚು. ತಾಲ್ಲೂಕು ಕೂಟದ ರೆಫ್ರಿಗಳು ಬೇರೆ ಊರಿಂದ ಬರುವುದಿಲ್ಲ. ಅದೇ ತಾಲ್ಲೂಕಿನ ದೈಹಿಕ ಶಿಕ್ಷಕರೇ ಒಂದು ಪಂದ್ಯದಲ್ಲಿ ಕೋಚು, ಮುಂದಿನ ಪಂದ್ಯದಲ್ಲಿ ರೆಫ್ರಿ. ಮಂಡ್ಯದಿಂದ ಮದ್ದೂರಿಗೆ 20 ಕಿಲೋಮೀಟರು, ಅಲ್ಲಿಂದ ಮಳವಳ್ಳಿಗೆ ಇನ್ನಷ್ಟು. ಈ ಇಷ್ಟು ನೆಲದಲ್ಲಿ ಎಲ್ಲಿ ಹೋದರೂ ನೆಂಟರೋ ಸಹಪಾಠಿಗಳೋ ಸಿಕ್ಕೇ ಸಿಗುತ್ತಾರೆ. ನೀವು ಅಂಕಣಕ್ಕೆ ಕಾಲಿಟ್ಟ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ "ಇವ್ನು ಯಾರ್ ಕಡೆಯವ್ನು?" ಎಂಬುದು. ನಿಮ್ಮ ನಿಯಮಜ್ಞಾನದ ಬಗ್ಗೆ ಯಾರಿಗೂ ಅಷ್ಟೊಂದು ಕುತೂಹಲ ಇರುವುದಿಲ್ಲ.

ಈ ಅನುಮಾನವನ್ನು ದೊಡ್ಡ ದೊಡ್ಡ ಆಟಗಳೂ ಎದುರಿಸಿವೆ. 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ಪಡೆದರಲ್ಲ, ಆ ಟೆಸ್ಟಿನ ಅಂಪೈರುಗಳಲ್ಲಿ ಒಬ್ಬರು ವೆಸ್ಟ್ ಇಂಡೀಸಿನ ಸ್ಟೀವ್ ಬಕ್ನರ್, ಇನ್ನೊಬ್ಬರು ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್. ಆಗ ಟೆಸ್ಟ್ ಪಂದ್ಯಕ್ಕೆ ಒಬ್ಬ ಅಂಪೈರ್ ಆತಿಥೇಯ ದೇಶದವರು, ಒಬ್ಬರು ಹೊರಗಿನವರು ಎಂಬ ಪದ್ಧತಿ ಇತ್ತು. ತನ್ನ ನಾಡಿನ ಬೌಲರ್ ಮನವಿ ಮಾಡಿದಾಗ ಬೆರಳೆತ್ತುವ ಅಂಪೈರಿನ ಮೇಲೆ ಎಷ್ಟು ಕಣ್ಣು ನೆಟ್ಟಿರುತ್ತವೆ, ಯೋಚಿಸಿ. ಔಟ್ ಆಗಿದ್ದರೆ ಔಟ್ ಕೊಡಲೇಬೇಕು; ನಮ್ಮವನೇ ಬೌಲರ್ ಎಂಬ ಸಂಕೋಚಕ್ಕೆ ಕೊಡದೆ ಬಿಟ್ಟರೆ ಅದೂ ಅನ್ಯಾಯವೇ. 2002ರಿಂದ ಎರಡೂ ತುದಿಗೆ ತಟಸ್ಥ ದೇಶದ ಅಂಪೈರುಗಳೇ ಎಂದು ಕ್ರಿಕೆಟ್ ನಿರ್ಧರಿಸಿತು. ಆ ಅನುಕೂಲ ನಮ್ಮ ತಾಲ್ಲೂಕು ಕೂಟಕ್ಕೆ ಬರುವುದಿಲ್ಲ. ಊರಿನವನೇ ಊರಿನವರ ನಡುವೆ ನಿಂತು ತಟಸ್ಥ ಎನಿಸಿಕೊಳ್ಳಬೇಕು. ಅದು ಕಷ್ಟ, ಆದರೆ ಆಗದ ಕೆಲಸವಲ್ಲ.

ಹಾಗಾಗಿ ವಿಷಲ್ ಬಾಯಿಗಿಡುವ ಮೊದಲೇ ಮಾಡಬೇಕಾದ ಕೆಲವು ಕೆಲಸಗಳಿವೆ. ನಿಮ್ಮ ಶಾಲೆಯ ಪಂದ್ಯಕ್ಕೆ ನೀವು ನಿಲ್ಲಲೇಬೇಡಿ. ನಿಮ್ಮ ಮನೆಯ ಮಗುವೋ, ಹತ್ತಿರದ ಬಂಧುವಿನ ಮಗುವೋ ಆಡುತ್ತಿದ್ದರೆ ಸಂಘಟಕರಿಗೆ ಮೊದಲೇ ಹೇಳಿ ಬದಲಿ ಕೇಳಿ. ಬದಲಿ ಸಿಗದೆ ಹೋದರೆ ಎರಡೂ ಕೋಚ್‌ಗಳನ್ನು ಕರೆದು, ಒಟ್ಟಿಗೆ ನಿಲ್ಲಿಸಿ, ಇದ್ದದ್ದನ್ನು ಹೇಳಿ. ಆಮೇಲೆ ತಿಳಿದರೆ ಗುಟ್ಟು, ಮೊದಲೇ ಹೇಳಿದರೆ ಮಾಹಿತಿ. ಒಂದು ತಂಡದ ವ್ಯಾನಿನಲ್ಲಿ ಮೈದಾನಕ್ಕೆ ಬರಬೇಡಿ. ಪಂದ್ಯಕ್ಕೆ ಮುಂಚೆ ಒಂದು ಶಾಲೆಯವರ ಜೊತೆ ಕೂತು ಕಾಫಿ, ವಡೆ ಮುಗಿಸಿ, ಬಾಯಿ ಒರೆಸಿಕೊಂಡು ಅಂಕಣಕ್ಕೆ ಬರಬೇಡಿ. ಅದರಿಂದ ನಿಮ್ಮ ತೀರ್ಪೇನೂ ಬದಲಾಗುವುದಿಲ್ಲ, ನಿಜ. ಆದರೆ ಎದುರು ತಂಡದ ಹುಡುಗ ಅದನ್ನು ನೋಡಿರುತ್ತಾನೆ, ನಾಲ್ಕನೇ ಕ್ವಾರ್ಟರಿನಲ್ಲಿ ನೆನಪು ಮಾಡಿಕೊಳ್ಳುತ್ತಾನೆ.

ಈ ಆಟವನ್ನು ಹುಟ್ಟಿಸಿದವರೂ ನಿಮ್ಮ ಹಾಗೆ ದೈಹಿಕ ಶಿಕ್ಷಕರೇ. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ 13 ನಿಯಮ ಬರೆದು ಗೋಡೆಗೆ ಹಚ್ಚಿದರು. ಆ 13ರಲ್ಲೇ ಇಬ್ಬರು ತೀರ್ಪುಗಾರರ ಕೆಲಸವನ್ನು ಬೇರೆ ಬೇರೆ ಮಾಡಿದ್ದರು. ಒಬ್ಬರು ಆಟಗಾರರನ್ನು ನೋಡಬೇಕು, ಫೌಲ್ ಗುರುತಿಸಬೇಕು. ಇನ್ನೊಬ್ಬರು ಚೆಂಡನ್ನು ನೋಡಬೇಕು, ಯಾರದು, ಹೊರಗೋ ಒಳಗೋ ಹೇಳಬೇಕು. ಇಬ್ಬರೂ ಚೆಂಡಿನ ಹಿಂದೆಯೇ ಬಿದ್ದರೆ ಚೆಂಡಿಲ್ಲದ ಕಡೆ ನಡೆಯುವುದನ್ನು ಯಾರೂ ಕಾಣುವುದಿಲ್ಲ ಎಂಬುದು ಅವರಿಗೆ ಮೊದಲ ದಿನವೇ ಹೊಳೆದಿತ್ತು. ನಮ್ಮ ಮೈದಾನಗಳಲ್ಲಿ ಇವತ್ತಿಗೂ ಆಗುತ್ತಿರುವ ಮುಖ್ಯ ತಪ್ಪು ಇದೇ. ಚೆಂಡು ಎಡಕ್ಕೆ ಹೋದರೆ ಇಬ್ಬರು ರೆಫ್ರಿಗಳ ಕತ್ತೂ ಎಡಕ್ಕೆ. ಅಷ್ಟರಲ್ಲಿ ಬಲಗಡೆ ರಿಂಗಿನ ಕೆಳಗೆ ಒಬ್ಬ ಹುಡುಗ ಇನ್ನೊಬ್ಬನ ಬನಿಯನ್ ಹಿಡಿದು ಎಳೆದಿರುತ್ತಾನೆ. ಎಳೆಸಿಕೊಂಡವನು ತಿರುಗಿ ತಳ್ಳುತ್ತಾನೆ. ಆ ಎರಡನೆಯದು ಮಾತ್ರ ನಿಮ್ಮ ಕಣ್ಣಿಗೆ ಬಿದ್ದು, ವಿಷಲ್ ಅವನ ಮೇಲೆ ಬೀಳುತ್ತದೆ. ನೀವು ಕಂಡದ್ದಕ್ಕೇ ಊದಿದಿರಿ, ಆದರೂ ನ್ಯಾಯ ತಪ್ಪಿತು.

ಆದ್ದರಿಂದ ಜೊತೆಗಾರ ರೆಫ್ರಿಯೊಡನೆ ಪಂದ್ಯಕ್ಕೆ ಮುಂಚೆ ಕೂತು ಮಾತಾಡಿ. ಲೀಡ್ ಆದವರು ಎಂಡ್ ಲೈನಿನಲ್ಲಿ ನಿಂತು ಯಾವ ಭಾಗ ನೋಡಬೇಕು, ಆಟದ ಹಿಂದೆ ಬರುವ ಟ್ರೇಲ್ ಆದವರು ಯಾವ ಭಾಗ, ಚೆಂಡು ಎಲ್ಲಿಗೆ ಬಂದಾಗ ಜವಾಬ್ದಾರಿ ಯಾರಿಂದ ಯಾರಿಗೆ ಹೋಗುತ್ತದೆ, ಎಲ್ಲ ಗೊತ್ತು ಮಾಡಿಕೊಳ್ಳಿ. ಇಬ್ಬರು ಆಟಗಾರರ ನಡುವಿನ ಸಂದು ನಿಮಗೆ ಕಾಣುವಂತೆ ನಿಲ್ಲಿ. ಬೆನ್ನಿನ ಹಿಂದೆ ನಿಂತವನಿಗೆ ಕೈ ಚೆಂಡಿಗೆ ತಾಗಿತೋ ಮೊಳಕೈಗೆ ತಾಗಿತೋ ತಿಳಿಯುವುದಿಲ್ಲ, ಸದ್ದು ಕೇಳಿ ಊಹಿಸುತ್ತಾನೆ. ವಿವಾದಕ್ಕೆ ಸಿಕ್ಕ ತೀರ್ಪುಗಳಲ್ಲಿ ಬಹಳಷ್ಟನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ, ರೆಫ್ರಿ ತಪ್ಪಿದ್ದು ತಲೆಯಿಂದಲ್ಲ, ನಿಂತ ಜಾಗದಿಂದ ಎಂದು ಗೊತ್ತಾಗುತ್ತದೆ. ಓಡಿ. ಮಕ್ಕಳಷ್ಟೇ ಓಡಿ. ಅಂಕಣದ ಮಧ್ಯದಲ್ಲಿ ನಿಂತು ದೂರದಿಂದ ಊದಿದ ವಿಷಲ್ ಸರಿಯಾಗಿದ್ದರೂ ಯಾರೂ ನಂಬುವುದಿಲ್ಲ.

ವಿವೇಚನೆಗೆ ಅತಿ ಕಠಿಣ ಪರೀಕ್ಷೆ ಚಾರ್ಜಿಂಗೋ ಬ್ಲಾಕಿಂಗೋ ಎಂಬ ಪ್ರಶ್ನೆ. ಮದ್ದೂರಿನ ಒಂದು ಅಂಕಣದಲ್ಲಿ, ಹೈಸ್ಕೂಲು ಹುಡುಗರ ಪಂದ್ಯದಲ್ಲಿ ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಮಳೆ ಹನಿದು ಸಿಮೆಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಉದ್ದ ಕಾಲಿನ ಒಬ್ಬ ಹುಡುಗ ಬಲಗಡೆಯಿಂದ ಡ್ರಿಬಲ್ ಮಾಡುತ್ತಾ ನುಗ್ಗಿದ. ಕುಳ್ಳಗಿನ ರಕ್ಷಣೆಯ ಹುಡುಗ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಎದುರಿಗೆ ಮುಖ ಮಾಡಿ, ಎರಡೂ ಪಾದ ಊರಿ, ಕೈ ಎದೆಗೆ ಅಡ್ಡ ಹಿಡಿದು ನಿಂತ. ಆಮೇಲೆ ಮೊದಲನೆಯವನು ನೆಗೆದ. ಇಬ್ಬರ ಎದೆಯೂ ಡಿಕ್ಕಿ ಹೊಡೆದವು, ಇಬ್ಬರೂ ಬಿದ್ದರು, ಚೆಂಡು ರಿಂಗಿನೊಳಗೆ ಇಳಿಯಿತು. "ಬ್ಯಾಸ್ಕೆಟ್ ಪ್ಲಸ್ ಒನ್" ಎಂದು ಒಂದು ಕಡೆಯವರು ಕುಣಿಯತೊಡಗಿದರು. ಲೀಡ್‌ನಲ್ಲಿದ್ದ ಯುವ ರೆಫ್ರಿ ಮುಷ್ಟಿ ಎತ್ತಿದ, ಅಂಕ ರದ್ದೆಂದು ಸನ್ನೆ ಮಾಡಿದ, ನುಗ್ಗಿದ ಹುಡುಗನ ನಂಬರನ್ನು ಟೇಬಲ್ಲಿಗೆ ತೋರಿಸಿದ. ಕೂಗಾಟ ಎದ್ದಿತು. ಆತ ಜಾಗ ಬಿಟ್ಟು ಕದಲಲಿಲ್ಲ, ದನಿ ಏರಿಸಲಿಲ್ಲ. ಕ್ಯಾಪ್ಟನ್ ಬಂದು ಕೇಳಿದಾಗ "ನಿಮ್ಮವ್ನು ನೆಗೆಯೋ ಮೊದ್ಲೇ ಅವ್ನು ಜಾಗ ಹಿಡ್ದು ನಿಂತಿದ್ದ, ಎದೆಗೆ ಗುದ್ದಿದಾನೆ" ಎಂದು ಒಂದೇ ವಾಕ್ಯ ಹೇಳಿದ. ಆಟ ಮುಂದುವರಿಯಿತು.

ಆ ಒಂದು ವಾಕ್ಯದೊಳಗೆ ಇಡೀ ನಿಯಮ ಇತ್ತು. ಚೆಂಡಿರುವ ಆಟಗಾರನನ್ನು ತಡೆಯುವವನು ಅವನಿಗೆ ಮುಖ ಮಾಡಿ ಎರಡೂ ಪಾದ ನೆಲಕ್ಕೆ ಊರಿದ್ದರೆ ಅವನ ಜಾಗ ಅವನದು. ಅದನ್ನು ಉಳಿಸಿಕೊಳ್ಳಲು ಪಕ್ಕಕ್ಕೆ, ಹಿಂದಕ್ಕೆ ಸರಿಯಬಹುದು. ಬೊಂಬೆಯ ಹಾಗೆ ನಿಂತಿರಲೇಬೇಕು ಎಂದಿಲ್ಲ. ಚೆಂಡು ಕೈಯಲ್ಲಿದ್ದವನಿಗೆ ಇಷ್ಟು ದೂರ ಬಿಡಬೇಕು, ಇಷ್ಟು ಸಮಯ ಕೊಡಬೇಕು ಎಂಬ ವಿನಾಯಿತಿಯೂ ಇಲ್ಲ. ಆದರೆ ಅವನು ನೆಗೆದ ಮೇಲೆ ಅವನು ಇಳಿಯುವ ಜಾಗಕ್ಕೆ ನುಗ್ಗಿದರೆ ತಪ್ಪು ತಡೆದವನದು. ಹಾಗಾಗಿ ನಿಮ್ಮ ಕಣ್ಣು ರಕ್ಷಣೆಯವನ ಮೇಲಿರಲಿ. ನುಗ್ಗುವವನನ್ನೇ ನೋಡುತ್ತಿದ್ದರೆ ಇನ್ನೊಬ್ಬ ಯಾವಾಗ ಬಂದು ನಿಂತ ಎಂಬುದು ನಿಮಗೆ ಗೊತ್ತೇ ಆಗುವುದಿಲ್ಲ. ಯಾರು ಬಿದ್ದರು, ಯಾರು ಜೋರಾಗಿ ಬಿದ್ದರು ಎಂಬುದು ಲೆಕ್ಕಕ್ಕಿಲ್ಲ. ಜಾಗಕ್ಕೆ ಯಾರು ಮೊದಲು ಬಂದರು ಎಂಬುದೇ ಲೆಕ್ಕ.

ಇದೇ ರೀತಿ, ಕೈ ನೇರ ಮೇಲೆತ್ತಿ ತನ್ನ ಜಾಗದಲ್ಲೇ ನಿಂತವನ ಮೈಮೇಲೆ ಶೂಟರ್ ನೆಗೆದು ಬಿದ್ದರೆ ಮೈದಾನವೆಲ್ಲ "ಫೌಲ್" ಎನ್ನುತ್ತದೆ. ಆ ಕೈ ತನ್ನ ಮೈಯ ನೇರದಲ್ಲೇ ಇತ್ತೆಂದು ನೀವು ಕಂಡಿದ್ದರೆ ಊದಬೇಡಿ. ಊದದೆ ಇರುವುದೂ ಒಂದು ತೀರ್ಪು. ಕಂಡದ್ದಕ್ಕೆ ಊದಿ, ಕಾಣದ್ದಕ್ಕೆ ಸುಮ್ಮನಿರಿ. ಗದ್ದಲಕ್ಕೆ ಒಂದು ಸಲ ಊದಿದರೆ, ಈ ರೆಫ್ರಿಗೆ ಕೂಗಿದರೆ ಸಾಕು ಎಂದು ಎರಡೂ ಕಡೆಯವರು ಕಲಿತುಬಿಡುತ್ತಾರೆ. ಆಮೇಲೆ ಪಂದ್ಯ ನಿಮ್ಮ ಕೈಯಲ್ಲಿರುವುದಿಲ್ಲ.

ಮಕ್ಕಳ ಪಂದ್ಯದಲ್ಲಿ ಪ್ರತಿ ತಾಗುವಿಕೆಗೂ ಊದುತ್ತಾ ಹೋದರೆ ಆಟವೇ ನಡೆಯುವುದಿಲ್ಲ. ತಾಗಿದ್ದರಿಂದ ಒಬ್ಬನಿಗೆ ಲಾಭವಾಯಿತೇ, ಇನ್ನೊಬ್ಬನಿಗೆ ನಷ್ಟವಾಯಿತೇ ಎಂದು ನೋಡಬೇಕು, ಆಟಗಾರರ ಮಟ್ಟವನ್ನೂ ಗಮನಿಸಬೇಕು, ಆಟದ ಹರಿವನ್ನು ಸುಮ್ಮಸುಮ್ಮನೆ ಕಡಿಯಬಾರದು ಎಂದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳೇ ಹೇಳುತ್ತವೆ. 14ರೊಳಗಿನ ಮಕ್ಕಳ ಆಟದಲ್ಲಿ, ಚೆಂಡು ಹಿಡಿದು ಗಾಬರಿಯಾಗಿ ಕಾಲೆಳೆಯುವ ಮಗುವಿಗೆ ಯಾರೂ ಅಡ್ಡ ಇಲ್ಲದಾಗ ಸ್ವಲ್ಪ ತಾಳ್ಮೆ ತೋರಿಸಬಹುದು. ಆದರೆ ಈ ತಾಳ್ಮೆಗೆ ಎರಡು ಷರತ್ತು. ಎಷ್ಟು ಸಡಿಲ ಎಂಬುದನ್ನು ಪಂದ್ಯಕ್ಕೆ ಮುಂಚೆ ಎರಡೂ ಕೋಚ್‌ಗಳಿಗೆ ಒಟ್ಟಿಗೆ ಹೇಳಿರಬೇಕು. ಒಂದು ತಂಡಕ್ಕೆ ಕೊಟ್ಟ ಸಡಿಲ ಇನ್ನೊಂದಕ್ಕೂ ಕೊನೆಯ ಕ್ಷಣದವರೆಗೆ ಸಿಗಬೇಕು. ಯಾರ ಮೈಗಾದರೂ ಪೆಟ್ಟಾಗುವಂಥದ್ದಕ್ಕೆ ಮಾತ್ರ ಯಾವ ವಯಸ್ಸಿನವರಿಗೂ ಸಡಿಲ ಬೇಡ.

ನಿಯಮ ಬದಲಾಗುತ್ತಿರುತ್ತದೆ ಎಂಬುದನ್ನೂ ಮರೆಯಬೇಡಿ. 2017ರಲ್ಲಿ ಫಿಬಾ ಟ್ರಾವೆಲಿಂಗ್ ನಿಯಮವನ್ನು ಪರಿಷ್ಕರಿಸಿತು. ಓಡುತ್ತಾ ಚೆಂಡನ್ನು ಹಿಡಿತಕ್ಕೆ ತೆಗೆದುಕೊಳ್ಳುವಾಗ ನೆಲದ ಮೇಲಿರುವ ಕಾಲು ಲೆಕ್ಕಕ್ಕೆ ಬರುವುದಿಲ್ಲ, ಅದರ ಮುಂದಿನದು ಮೊದಲ ಹೆಜ್ಜೆ. ಇದು ಗೊತ್ತಿಲ್ಲದವರು ಇವತ್ತೂ ಗೆರೆಯಾಚೆಯಿಂದ "ಮೂರು ಹೆಜ್ಜೆ, ಮೂರು ಹೆಜ್ಜೆ" ಎಂದು ಕೂಗುತ್ತಾರೆ. ಕೂಗುವವರಲ್ಲಿ ನಿಮಗಿಂತ ಹಿರಿಯ ಮೇಷ್ಟ್ರುಗಳೂ ಇರುತ್ತಾರೆ. ಅವರಿಗೆ ಗೌರವ ಕೊಡಿ, ಬಿಡುವಿನಲ್ಲಿ ಹೊಸ ನಿಯಮ ತೋರಿಸಿ, ಆದರೆ ಅವರ ಕೂಗಿಗೆ ಊದಬೇಡಿ. ಹೊಸ ಪುಸ್ತಕ ಬಂದಾಗಲೆಲ್ಲ ಓದುವ ಶ್ರಮ ನಿಮ್ಮದಾದರೆ ಮಾತ್ರ ಈ ಧೈರ್ಯ ಬರುತ್ತದೆ.

ಕಬ್ಬಿನ ಸೀಮೆಯವರು ನಾವು. ಗಾಡಿ ತೂಕಕ್ಕೆ ನಿಂತಾಗ ರೈತ ದರದ ಜಗಳವನ್ನು ಆಮೇಲಕ್ಕೆ ಇಟ್ಟುಕೊಳ್ಳುತ್ತಾನೆ, ಮೊದಲು ಅವನ ಕಣ್ಣು ತೂಕದ ಮೇಲೆ. ಮುಂದಿನ ಗಾಡಿಗೂ ತನ್ನ ಗಾಡಿಗೂ ಒಂದೇ ತೂಕ ಎಂದು ಖಾತ್ರಿಯಾದರೆ ಕಡಿಮೆ ಬಂದರೂ ಒಪ್ಪಿಕೊಂಡು ಮನೆಗೆ ಹೋಗುತ್ತಾನೆ. ಮಕ್ಕಳೂ ಹಾಗೆಯೇ. ನೀವು ಬಿಗಿಯಾಗಿ ಊದಿದರೂ ಹೊಂದಿಕೊಳ್ಳುತ್ತಾರೆ, ಸಡಿಲ ಬಿಟ್ಟರೂ ಹೊಂದಿಕೊಳ್ಳುತ್ತಾರೆ. ಮೊದಲ ಕ್ವಾರ್ಟರಿನಲ್ಲಿ ಬಿಟ್ಟ ತಳ್ಳಾಟಕ್ಕೆ ಕೊನೆಯ ನಿಮಿಷದಲ್ಲಿ ಊದಿದರೆ ಮಾತ್ರ ಹೊಂದಿಕೊಳ್ಳಲಾರರು. ಆದ್ದರಿಂದ ಮೊದಲ ಕೆಲವು ನಿಮಿಷ ಎಚ್ಚರದಿಂದಿರಿ. ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಆಟಗಾರರು ನಿಮ್ಮಿಂದ ಕಲಿಯುವುದು ಆಗಲೇ. ಕೊನೆಯ ನಿಮಿಷದಲ್ಲಿ ಅಂಕ ಸಮವಿದ್ದಾಗ "ಪಂದ್ಯವನ್ನು ಆಟಗಾರರೇ ತೀರ್ಮಾನಿಸಲಿ" ಎಂದು ವಿಷಲನ್ನು ಜೇಬಿಗೆ ಹಾಕಿಕೊಳ್ಳುವುದು ಕೆಲವರ ಅಭ್ಯಾಸ. ಎರಡನೇ ನಿಮಿಷದ ಫೌಲ್ ಕೊನೆಯ ನಿಮಿಷದಲ್ಲೂ ಫೌಲೇ. ನೀವು ಊದದೆ ಬಿಟ್ಟರೆ ಆಗ ಪಂದ್ಯವನ್ನು ತೀರ್ಮಾನಿಸಿದ್ದು ಆಟಗಾರರಲ್ಲ, ನೀವೇ.

ಎರಡು ಬಗೆಯ ವಿಷಲ್‌ಗಳಿಂದ ದೂರ ಇರಿ. ಮೊದಲನೆಯದು ಕರುಣೆಯ ವಿಷಲ್. ಅಂಕಣವಿರುವ ಪಟ್ಟಣದ ಶಾಲೆ 40, ಮಣ್ಣಿನ ಮೈದಾನದಲ್ಲಿ ಕಲಿತು ಬಂದ ಹಳ್ಳಿ ಶಾಲೆ 6 ಎಂದಿರುವಾಗ ನಿಮ್ಮ ಮನಸ್ಸು ಹಳ್ಳಿ ಮಕ್ಕಳ ಕಡೆ ವಾಲುತ್ತದೆ. ಆ ವಾತ್ಸಲ್ಯ ತಪ್ಪಲ್ಲ. ಆದರೆ ಇಲ್ಲದ ಫೌಲಿಗೆ ಎರಡು ಫ್ರೀ ಥ್ರೋ ಕೊಟ್ಟರೆ ಆ ಮಕ್ಕಳಿಗೆ ನೀವು ಏನನ್ನೂ ಕೊಟ್ಟಂತಾಗುವುದಿಲ್ಲ. ಅವರು ನಿಜವಾಗಿ ಗಳಿಸಿದ ಆರು ಅಂಕದ ಬೆಲೆಯೂ ಇಳಿಯುತ್ತದೆ. ಅವರಿಗೆ ನೆರವಾಗಬೇಕೆಂದಿದ್ದರೆ ಪಂದ್ಯ ಮುಗಿದ ಮೇಲೆ ಅವರ ಮೇಷ್ಟ್ರ ಜೊತೆ ಕೂತು, ರಕ್ಷಣೆಯಲ್ಲಿ ಕಾಲು ಹೇಗೆ ಇಡಬೇಕೆಂದು ಹೇಳಿಕೊಡಿ. ಎರಡನೆಯದು ಲೆಕ್ಕ ತೀರಿಸುವ ವಿಷಲ್. ಆ ತಂಡದ ಮೇಲೆ ಒಂದು ತಪ್ಪು ತೀರ್ಪು ಬಿತ್ತು, ಈಗ ಇವರ ಮೇಲೆ ಒಂದು ಹಾಕಿ ಸರಿದೂಗಿಸೋಣ ಎಂಬ ಯೋಚನೆ. ಒಂದು ಅನ್ಯಾಯದ ಜಾಗದಲ್ಲಿ ಆಗ ಎರಡು ಅನ್ಯಾಯ ಆಗುತ್ತವೆ, ಎರಡೂ ತಂಡಗಳಿಗೆ ದೂರಲು ಕಾರಣ ಸಿಗುತ್ತದೆ. ನಾಲ್ಕು ಫೌಲ್ ಆಗಿರುವ ಒಳ್ಳೆಯ ಆಟಗಾರನನ್ನು ಉಳಿಸಲೆಂದು ಅವನ ಐದನೆಯದನ್ನು ಪಕ್ಕದವನ ನಂಬರಿಗೆ ಬರೆಸುವುದೂ ಇದೇ ಜಾತಿಯದು. ಪಕ್ಕದವನೂ ಒಬ್ಬರ ಮಗನೇ.

ಹುಡುಗಿಯರ ಪಂದ್ಯಕ್ಕೆ ಬೇರೆ ಅಳತೆ ಇಟ್ಟುಕೊಳ್ಳಬೇಡಿ. ಚೆಂಡಿನ ಸೈಜು 7ರ ಬದಲು 6, ಅಷ್ಟೇ ವ್ಯತ್ಯಾಸ. ಅವರು ಗಟ್ಟಿಯಾಗಿ ಆಡಿದಾಗ "ನಿಧಾನ ಆಡ್ರಮ್ಮ" ಎನ್ನಬೇಡಿ. ಬಿದ್ದಾಗ ಸುಮ್ಮನೆ ಪಂದ್ಯ ನಿಲ್ಲಿಸಿ ಸಮಾಧಾನ ಹೇಳಲು ಹೋಗಬೇಡಿ. ಅವರ ಪಂದ್ಯಕ್ಕೆ ಜನ ಕಡಿಮೆ ಎಂದು ನೀವು ನಡೆಯುತ್ತಾ ಊದಿದರೆ ಆ ಮಕ್ಕಳಿಗೆ ಅದು ಕೂಡಲೇ ತಿಳಿಯುತ್ತದೆ. ಅವರ ಆಟಕ್ಕೆ ಗೌರವ ಕೊಡುವುದೆಂದರೆ ಹುಡುಗರ ಫೈನಲಿಗೆ ಓಡಿದಷ್ಟೇ ಅಲ್ಲಿಯೂ ಓಡುವುದು.

ನಿಮ್ಮ ಅರ್ಧ ನಂಬಿಕೆ ಟೇಬಲ್ಲಿನಲ್ಲಿ ಕೂತಿರುತ್ತದೆ. ದೊಡ್ಡ ಪಂದ್ಯಗಳಲ್ಲಿ ಸ್ಕೋರರ್, ಸಹಾಯಕ, ಟೈಮರ್, 24 ಸೆಕೆಂಡಿನ ಗಡಿಯಾರಕ್ಕೆ ಒಬ್ಬರು ಇರುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಒಂದು ಬೆಂಚು, ಒಂದು ಸ್ಟಾಪ್‌ವಾಚು, ಪೆನ್ನು ಹಿಡಿದ ಒಬ್ಬ ವಿದ್ಯಾರ್ಥಿ. ಆ ಹುಡುಗನಿಗೆ ಪಂದ್ಯಕ್ಕೆ ಮುಂಚೆ ಹತ್ತು ನಿಮಿಷ ಕೊಟ್ಟು ಎಲ್ಲ ವಿವರಿಸಿ. ಎಷ್ಟು ನಿಮಿಷದ ಕ್ವಾರ್ಟರು, ಗಡಿಯಾರ ಯಾವಾಗ ನಿಲ್ಲಿಸಬೇಕು, ಟೈಮ್ ಔಟ್ ಕೇಳಿದರೆ ನಿಮಗೆ ಹೇಗೆ ತಿಳಿಸಬೇಕು ಎಂದು ಗೊತ್ತಿರಲಿ. ಫೌಲ್ ಊದಿದ ಮೇಲೆ ಟೇಬಲ್ಲಿಗೆ ಕಾಣುವ ಜಾಗಕ್ಕೆ ಬಂದು, ನಿಂತು, ನಂಬರನ್ನು ಸ್ಪಷ್ಟವಾಗಿ ತೋರಿಸಿ. ಕೊಡಬೇಕಾದ ಫ್ರೀ ಥ್ರೋ ಕೊಡದೆ ಬಿಟ್ಟದ್ದು, ಬೇರೆ ಆಟಗಾರನಿಂದ ಎಸೆಸಿದ್ದು, ಅಂಕವನ್ನು ತಪ್ಪಾಗಿ ಕೊಟ್ಟದ್ದು ಇಂಥವನ್ನು ತಿದ್ದಲು ನಿಯಮವೇ ಸ್ವಲ್ಪ ಅವಕಾಶ ಇಟ್ಟಿದೆ. ಆ ಅವಕಾಶ ಬೇಗ ಮುಗಿಯುತ್ತದೆ, ಅನುಮಾನ ಬಂದ ಕೂಡಲೇ ಆಟ ನಿಂತಾಗ ಟೇಬಲ್ಲಿಗೆ ಹೋಗಿ ನೋಡಿ. ಆದರೆ ತಳ್ಳಿದನೋ ಇಲ್ಲವೋ ಎಂಬ ವಿವೇಚನೆಯ ತೀರ್ಪನ್ನು ಜಗಳಕ್ಕೆ ಹೆದರಿ ತಿರುಗಿಸಬೇಡಿ. ಜೊತೆಗಾರ ರೆಫ್ರಿ ಇನ್ನೂ ಚೆನ್ನಾಗಿ ಕಂಡಿದ್ದರೆ ಇಬ್ಬರೂ ತಲೆ ಸೇರಿಸಿ ಮಾತಾಡಿಕೊಂಡು ಆಗಿಂದಾಗಲೇ ಹೇಳಿ. ಅದರಲ್ಲಿ ಅವಮಾನವೇನೂ ಇಲ್ಲ.

ಟೇಬಲ್ಲಿನ ಗೊಂದಲ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ಸಾಕ್ಷಿ. ಅಮೆರಿಕ 50, ಸೋವಿಯತ್ ಒಕ್ಕೂಟ 49, ಉಳಿದದ್ದು ಮೂರು ಸೆಕೆಂಡು. ಟೈಮ್ ಔಟ್ ಕೇಳಿದ್ದರ ಬಗ್ಗೆ ಗೊಂದಲ, ಗಡಿಯಾರ ಸರಿಪಡಿಸಿದ್ದರ ಬಗ್ಗೆ ಗೊಂದಲ. ಫಿಬಾದ ಪ್ರಧಾನ ಕಾರ್ಯದರ್ಶಿ ವಿಲಿಯಂ ಜೋನ್ಸ್ ಪ್ರೇಕ್ಷಕರ ಕಡೆಯಿಂದ ಇಳಿದು ಬಂದು ಮೂರು ಸೆಕೆಂಡು ಮತ್ತೆ ಇಡಿಸಿದರು. ಆ ಮೂರು ಸೆಕೆಂಡನ್ನು ಮತ್ತೆ ಮತ್ತೆ ಆಡಿಸಿದ ಮೇಲೆ ಸೋವಿಯತ್ ತಂಡ 51–50ರಲ್ಲಿ ಗೆದ್ದಿತು. ಬ್ರೆಜಿಲ್‌ನ ರೆಫ್ರಿ ರೆನಾಟೊ ರಿಘೆಟ್ಟೊ ಸ್ಕೋರ್ ಶೀಟಿಗೆ ಸಹಿ ಹಾಕಲಿಲ್ಲ. ಅಮೆರಿಕದ ಆಟಗಾರರು ಬೆಳ್ಳಿ ಪದಕ ಮುಟ್ಟಲಿಲ್ಲ. ಆ ಮೂರು ಸೆಕೆಂಡಿನ ಮಾತು ಇವತ್ತಿಗೂ ನಿಂತಿಲ್ಲ. ನಮ್ಮ ಮೈದಾನಕ್ಕೆ ಫಿಬಾ ಕಾರ್ಯದರ್ಶಿ ಬರುವುದಿಲ್ಲ. ಆದರೆ ವೇದಿಕೆಯ ಮೇಲೆ ಶಾಲು ಹೊದ್ದು ಕೂತ ಗಣ್ಯರೊಬ್ಬರು "ಮಕ್ಕಳಲ್ವಾ, ಇನ್ನೊಂದು ಚಾನ್ಸ್ ಕೊಡಿ ಮೇಷ್ಟ್ರೇ" ಎನ್ನುವುದು ಹೊಸತಲ್ಲ. ಕೈ ಮುಗಿದು "ಸಾರ್, ಆ ಮಕ್ಕಳೂ ನಮ್ಮವರೇ" ಎಂದು ಹೇಳಿ ಆಟ ಮುಂದುವರಿಸಿ. ಅಂಕಣದ ಒಳಗಿನ ತೀರ್ಪು ಹೊರಗಿನಿಂದ ಬರುವುದನ್ನು ಒಂದು ಸಲ ಒಪ್ಪಿದರೆ, ಅದು ಪ್ರತಿ ವರ್ಷ ಬರುತ್ತದೆ.

ಮಾತು ಕಡಿಮೆ ಇರಲಿ, ಇದ್ದದ್ದು ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿರಲಿ. ಕ್ಯಾಪ್ಟನ್ ವಿನಯದಿಂದ ಕೇಳಿದರೆ ಒಂದು ವಾಕ್ಯದ ಉತ್ತರ ಅವನ ಹಕ್ಕು. "ನಂಗೆ ಗೊತ್ತು, ಹೋಗಯ್ಯ" ಎಂಬುದು ಉತ್ತರವಲ್ಲ. ಕೋಚು ಕೂಗಾಡಿದರೆ ಮೊದಲು ಹತ್ತಿರ ಹೋಗಿ ಮೆಲ್ಲಗೆ ಎಚ್ಚರಿಸಿ, ಮುಂದುವರಿಸಿದರೆ ಟೆಕ್ನಿಕಲ್ ಫೌಲ್ ಕೊಡಿ, ಅಲ್ಲಿಗೆ ಮರೆತುಬಿಡಿ. ಸಿಟ್ಟನ್ನು ಮುಂದಿನ ವಿಷಲ್‌ಗೆ ಸಾಗಿಸಬೇಡಿ, ಏಕೆಂದರೆ ಅದು ಬೀಳುವುದು ಕೋಚಿನ ಮೇಲಲ್ಲ, ಮಕ್ಕಳ ಮೇಲೆ. ಈಗ ಪ್ರತಿಯೊಬ್ಬ ಪೋಷಕರ ಕೈಯಲ್ಲೂ ಮೊಬೈಲು. ಸಂಜೆಯ ಹೊತ್ತಿಗೆ ನಿಮ್ಮ ಒಂದು ತೀರ್ಪು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಅಲ್ಲಿ ವಾದಕ್ಕೆ ಇಳಿಯಬೇಡಿ. ಆದರೆ ಆ ವೀಡಿಯೊವನ್ನು ಒಬ್ಬರೇ ಕೂತು ನೋಡಿ, ಎಲ್ಲಿ ನಿಂತಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು ಎಂದು ಗುರುತು ಹಾಕಿಕೊಳ್ಳಿ. ಜೊತೆಗಾರನಿಗೂ ತೋರಿಸಿ.

ಕೊನೆಗೊಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮ ಶಾಲೆಯ ಅಭ್ಯಾಸ ಪಂದ್ಯಗಳಲ್ಲಿ ವಾರಕ್ಕೊಮ್ಮೆಯಾದರೂ ಎಂಟನೇ, ಒಂಬತ್ತನೇ ತರಗತಿಯ ಮಕ್ಕಳ ಕೈಗೆ ವಿಷಲ್ ಕೊಡಿ. ಹುಡುಗರಿಗೂ ಕೊಡಿ, ಹುಡುಗಿಯರಿಗೂ ಕೊಡಿ. ನೀವು ಗೆರೆಯಾಚೆ ನಿಂತು ನೋಡಿ, ನಡುವೆ ಬಾಯಿ ಹಾಕಬೇಡಿ. ತನ್ನ ಗೆಳೆಯನ ಮೇಲೆ ಫೌಲ್ ಊದಬೇಕಾಗಿ ಬಂದ ಮಗು, ಗೆಳೆಯನ ಸಿಟ್ಟನ್ನು ತಾಳಿಕೊಂಡು ಕೈ ಎತ್ತಿ ನಿಂತ ಮಗು, ಅದೇ ಅಳತೆಯನ್ನು ಎದುರಾಳಿಗೂ ಹಿಡಿದ ಮಗು ಮುಂದೆ ಆಟಗಾರನಾಗಿ ರೆಫ್ರಿಯ ಮೇಲೆ ಏರಿ ಹೋಗುವುದಿಲ್ಲ. ಪೋಷಕನಾಗಿ ಗೆರೆ ದಾಟಿ ಬರುವುದಿಲ್ಲ. ಅವರಲ್ಲಿ ಕೆಲವರು ಹತ್ತು ವರ್ಷ ಬಿಟ್ಟು ನಿಮ್ಮ ಜೊತೆಯೇ ಟ್ರೇಲ್‌ನಲ್ಲಿ ಓಡುತ್ತಾರೆ. ನಮ್ಮ ಮೂರೂ ತಾಲ್ಲೂಕಿಗೆ ಒಳ್ಳೆಯ ಅಂಕಣಗಳು ಬರಲಿ ಎಂದು ನಾವೆಲ್ಲ ಕೇಳುತ್ತಲೇ ಇದ್ದೇವೆ, ಕೇಳುತ್ತಲೇ ಇರೋಣ. ಒಳ್ಳೆಯ ತೀರ್ಪುಗಾರರನ್ನು ಬೆಳೆಸಲು ಮಾತ್ರ ಯಾರ ಅನುದಾನಕ್ಕೂ ಕಾಯಬೇಕಾಗಿಲ್ಲ. ಈ ವಾರವೇ ಶುರು ಮಾಡಿ.